ಮಾಸ್ಟರ್ಸ್ ಮುಗೀತು, ಇನ್ನೈದು ವರ್ಷ ಕ್ಲಾಸ್‌ರೂಮಲ್ಲೇ

ಥೀಸಿಸ್ ಬೈಂಡ್ ಮಾಡ್ಸಿ ಕೊಟ್ಟು ಬಂದು ಮೂರು ವಾರ ಆಯ್ತು. ಈ ಮೂರು ವಾರದಲ್ಲಿ ಸಿಕ್ಕೋರೆಲ್ಲ ಕೇಳಿದ್ದು ಒಂದೇ, ಮುಂದೇನು? ಪಿಎಚ್‌ಡಿ ಮಾಡ್ತೀರಾ, ಹೆಡ್ ಪೋಸ್ಟಿಗೆ ಅಪ್ಲೈ ಮಾಡ್ತೀರಾ, ಇಲ್ಲಾ ಟ್ರೈನಿಂಗ್ ಕಡೆ ಹೋಗ್ತೀರಾ. ಟೀಚರ್ ಆದೋರು ಮಾಸ್ಟರ್ಸ್ ಮಾಡೋದೇ ಕ್ಲಾಸ್‌ರೂಮಿಂದ ಹೊರಗೆ ಹೋಗೋಕೆ ಅಂತ ಎಲ್ರೂ ಅಂದ್ಕೊಂಡುಬಿಟ್ಟಿದಾರೆ. ಒಬ್ಬೊಬ್ರಿಗೂ ನಿಂತು ಉತ್ತರ ಹೇಳೋಕಾಗ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ನಾನು ಇನ್ನೂ ಐದು ವರ್ಷ ಆರು ಏಳನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳ್ಕೊಡ್ತೀನಿ. ಬೇರೆ ದಾರಿ ಸಿಗಲಿಲ್ಲ ಅಂತಲ್ಲ, ಯೋಚನೆ ಮಾಡೇ ತಗೊಂಡಿರೋ ತೀರ್ಮಾನ ಇದು.

ಯಾಕೆ ಅಂತ ಹೇಳ್ಬೇಕು ಅಂದ್ರೆ ಒಂದು ಘಟನೆ ಹೇಳ್ಬೇಕು. ನನ್ನ ಥೀಸಿಸ್ ದಶಮಾಂಶದ ಮೇಲೆ, ಅಂದ್ರೆ ಮಕ್ಕಳು ಅದ್ರಲ್ಲಿ ಮಾಡೋ ತಪ್ಪುಗಳ ಮೇಲೆ. 0.45 ಮತ್ತೆ 0.5ರಲ್ಲಿ ಯಾವುದು ದೊಡ್ಡದು ಅಂತ ಕೇಳಿದ್ದೆ. ಒಬ್ಬ ಹುಡುಗಿ 0.45 ಅಂದ್ಲು, 45 ದೊಡ್ಡದಲ್ವಾ ಮಿಸ್, 5 ಚಿಕ್ಕದು ಅಂತ. ಇದು ಗಣಿತ ಪಾಠ ಮಾಡೋ ಎಲ್ರಿಗೂ ಗೊತ್ತಿರೋ ತಪ್ಪು. ಅವಳ ಪಕ್ಕದಲ್ಲಿ ಕೂತಿದ್ದ ಹುಡುಗ 0.5 ದೊಡ್ಡದು ಅಂದ. ಬೇರೆ ದಿನ ಆಗಿದ್ರೆ ವೆರಿ ಗುಡ್ ಅಂತ ಮುಂದಿನ ಲೆಕ್ಕಕ್ಕೆ ಹೋಗಿರ್ತಿದ್ದೆ, ಆದ್ರೆ ಅವತ್ತು ಥೀಸಿಸ್‌ಗೆ ಎಲ್ರ ಕಾರಣಾನೂ ಬರ್ಕೋಬೇಕಿತ್ತು, ಹಾಗಾಗಿ ಅವನನ್ನೂ ಯಾಕೆ ಅಂತ ಕೇಳಿದೆ. ಪಾಯಿಂಟ್ ಆದ್ಮೇಲೆ ಅಂಕಿ ಕಮ್ಮಿ ಇದ್ದಷ್ಟೂ ದೊಡ್ಡದು ಮಿಸ್, ಹತ್ತನೇ ಒಂದು ಭಾಗ ನೂರನೇ ಒಂದು ಭಾಗಕ್ಕಿಂತ ದೊಡ್ಡದಲ್ವಾ ಅಂದ. ಹಾಗಾದ್ರೆ 0.3 ಮತ್ತೆ 0.78? ಒಂಚೂರೂ ಅನುಮಾನ ಇಲ್ದೆ 0.3 ಅಂದ.

0.5 ಅನ್ನೋ ಅವನ ಮೊದಲ ಉತ್ತರ ಸರಿ, ಆದ್ರೆ ಒಳಗಿರೋ ಯೋಚನೆ ತಪ್ಪು. ಅದೂ ಏನೂ ಯೋಚ್ನೆ ಮಾಡ್ದೆ ಹೇಳಿದ ತಪ್ಪಲ್ಲ, ನಾನೇ ಹೇಳ್ಕೊಟ್ಟ ಒಂದು ಸರಿಯಾದ ಮಾತನ್ನ ಹಿಡ್ಕೊಂಡು ಅವನು ಅಲ್ಲಿಗೆ ಹೋಗಿದ್ದ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಹನ್ನೊಂದು ವರ್ಷದಿಂದ ಪಾಠ ಮಾಡ್ತಿದೀನಿ, ಇಂಥ ಎಷ್ಟು ಮಕ್ಕಳಿಗೆ ವೆರಿ ಗುಡ್ ಅಂದು ಕೂರ್ಸಿರ್ಬೋದು.

ಲೀ ಶುಲ್ಮನ್ ಅನ್ನೋ ಶಿಕ್ಷಣ ತಜ್ಞರು 1986ರಲ್ಲಿ ಬರೆದ ಒಂದು ಲೇಖನದಲ್ಲಿ ಪೆಡಗಾಜಿಕಲ್ ಕಂಟೆಂಟ್ ನಾಲೆಡ್ಜ್ ಅಂತ ಒಂದು ವಿಚಾರ ಬರುತ್ತೆ. ಬರೀ ವಿಷಯ ಗೊತ್ತಿದ್ರೆ ಸಾಲದು, ಬರೀ ಪಾಠ ಮಾಡೋ ರೀತಿ ಗೊತ್ತಿದ್ರೂ ಸಾಲದು, ಈ ವಿಷಯ ಕಲಿಯೋವಾಗ ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ಕೊಟ್ರೆ ಅವ್ರಿಗೆ ಹತ್ತುತ್ತೆ ಅನ್ನೋದು ಬೇರೆಯದೇ ಒಂದು ಜ್ಞಾನ ಅಂತ. ಮೊದಲ ಸೆಮಿಸ್ಟರಲ್ಲಿ ಅದನ್ನ ಓದಿ ಅಂಡರ್‌ಲೈನ್ ಮಾಡಿ ಪರೀಕ್ಷೇಲಿ ಬರ್ದೂ ಆಗಿತ್ತು, ಅರ್ಥ ಆಗಿದ್ದು ಮಾತ್ರ ಆ ಹುಡುಗನ ಬೆಂಚ್ ಪಕ್ಕ ನಿಂತಾಗ. ಈ ಜ್ಞಾನ ಆಫೀಸ್ ರೂಮಲ್ಲಿ ಕೂತ್ರೆ ಬೆಳೆಯೋದಿಲ್ಲ. ಅದಕ್ಕೇ ಐದು ವರ್ಷ.

ಹಾಗಾಗಿ ಮೊದಲ ಗುರಿ ತಪ್ಪುಗಳ ಒಂದು ನೋಟ್‌ಬುಕ್ ಇಡೋದು. ಮಕ್ಕಳ ಹೆಸರು ಬೇಡ, ಬರೀ ಪ್ರಶ್ನೆ, ಮಗು ಕೊಟ್ಟ ಉತ್ತರ, ಮಗು ಹೇಳಿದ ಕಾರಣ ಅದರ ಮಾತಲ್ಲೇ. ದಿನಕ್ಕೆ ಒಂದು ಸಿಕ್ರೂ ಸಾಕು. ಮುಂದೆ ಪಿಎಚ್‌ಡಿ ಮಾಡೋದಾದ್ರೆ ಅದರ ಪ್ರಶ್ನೆ ಈ ನೋಟ್‌ಬುಕ್ಕಿಂದ್ಲೇ ಬರ್ಬೇಕು, ಲೈಬ್ರರಿಲಿ ಹುಡುಕಿ ತಂದಿರೋದು ಬೇಡ ಅನ್ನೋದು ನನ್ನ ಆಸೆ.

ಎರಡನೇದು ಕಾಯೋದು. ಮೇರಿ ಬಡ್ ರೋ ಅನ್ನೋರು 1970ರ ದಶಕದಲ್ಲೇ ಕ್ಲಾಸ್‌ರೂಮ್ ರೆಕಾರ್ಡಿಂಗ್‌ಗಳನ್ನ ಇಟ್ಕೊಂಡು ತೋರಿಸಿಕೊಟ್ಟಿದ್ರು, ಟೀಚರ್‌ಗಳು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಅಷ್ಟೇ ಕಾಯ್ತಾರೆ ಅಂತ. ಅದನ್ನ 3 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಮಾಡಿದಾಗ ಮಕ್ಕಳ ಉತ್ತರ ಉದ್ದ ಆಯ್ತು, ಗೊತ್ತಿಲ್ಲ ಅನ್ನೋದು ಕಮ್ಮಿ ಆಯ್ತು. ನಾನು ಹಾಗಲ್ಲ ಅನ್ನೋ ಧೈರ್ಯದಲ್ಲಿ ನನ್ನದೇ ಒಂದು ಪೀರಿಯಡ್ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಮನೆಗೆ ಬಂದು ಕೇಳಿದೆ. 31 ಪ್ರಶ್ನೆ ಕೇಳಿದ್ದೆ, ಅದ್ರಲ್ಲಿ 9ಕ್ಕೆ ನಾನೇ ಉತ್ತರ ಹೇಳಿದ್ದೆ. ಒಂದು ಕಡೆ ಹಿಂದಿನ ಬೆಂಚಿಂದ ಯಾರೋ ಮಿಸ್ ಅದು ಅಂತ ಶುರು ಮಾಡಿರೋದು ಸಣ್ಣಗೆ ಕೇಳಿಸ್ತಿದೆ, ಅದರ ಮೇಲೆ ನನ್ನ ಧ್ವನಿ ಬಂದು ಕೂತಿದೆ. ಆ ಮಗು ಏನು ಹೇಳೋಕೆ ಹೊರಟಿತ್ತೋ ಏನೋ, ಈಗ ಹೇಗೂ ಗೊತ್ತಾಗೋದಿಲ್ಲ. ಆಮೇಲಿಂದ ಪ್ರಶ್ನೆ ಕೇಳಿ ಮನಸಲ್ಲೇ ಎಣಿಸ್ತಾ ನಿಲ್ತೀನಿ. 3 ಸೆಕೆಂಡ್ ಕೇಳೋಕೆ ಚಿಕ್ಕದು, ನಲವತ್ತು ಮಕ್ಕಳ ಮುಂದೆ ಸುಮ್ನೆ ನಿಂತಾಗ ತುಂಬಾ ಉದ್ದ.

ಮೂರನೇದು ಕರೆಕ್ಷನ್. 1988ರಲ್ಲಿ ರೂತ್ ಬಟ್ಲರ್ ಅನ್ನೋರು ಮಾಡಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಬರೀ ಮಾರ್ಕ್ಸ್, ಕೆಲವರಿಗೆ ಬರೀ ಕಾಮೆಂಟ್, ಕೆಲವರಿಗೆ ಎರಡೂ ಕೊಟ್ರು. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರೀ ಕಾಮೆಂಟ್ ಸಿಕ್ಕವರು, ಎರಡೂ ಸಿಕ್ಕವರಿಗೆ ಆ ಲಾಭ ಆಗಲಿಲ್ಲ. ನಮ್ಮಲ್ಲಿ ಮಾರ್ಕ್ಸ್ ಕೊಡದೆ ಇರೋಕಾಗಲ್ಲ. ಆದ್ರೆ ಮೊದಲು ಕಾಮೆಂಟ್ ಬರೆದು ಕೊಟ್ಟು, ತಿದ್ಕೊಂಡು ತಂದ್ಮೇಲೆ ಎರಡು ದಿನ ಬಿಟ್ಟು ಮಾರ್ಕ್ಸ್ ಹೇಳ್ಬೋದಲ್ಲ. ಪೇರೆಂಟ್ಸ್ ಒಪ್ತಾರಾ ಅನ್ನೋ ಭಯ ಇದೆ, ಒಂದು ಸೆಕ್ಷನ್ನಲ್ಲಿ ಶುರು ಮಾಡಿ ನೋಡ್ತೀನಿ.

ಇನ್ನು ನನ್ನ ಸ್ವಂತದ್ದು. ಕೆಲಸ ಮಾಡ್ತಾ ಓದಿದ ಎರಡು ವರ್ಷದಲ್ಲಿ ಗಂಟಲು ಹೋಗಿದೆ. ಹಗಲೆಲ್ಲ ಪಾಠ, ಸಂಜೆ ಪ್ರೆಸೆಂಟೇಶನ್, ವಾರದ ಕೊನೇಲಿ ಧ್ವನಿನೇ ಬರ್ತಿರಲಿಲ್ಲ. ಡಾಕ್ಟರ್ ನೋಡಿ, ಟೀಚರ್‌ಗಳಿಗೆ ಇದು ತುಂಬಾ ಕಾಮನ್, ಗದ್ದಲದ ಮೇಲೆ ಕೂಗಬೇಡಿ, ನೀರು ಕುಡೀತಿರಿ, ಪಿಸುಗುಟ್ಟೋದೂ ಬೇಡ ಅಂದ್ರು. ಈಗ ಮಕ್ಕಳು ಗಲಾಟೆ ಮಾಡಿದ್ರೆ ಕೂಗಲ್ಲ, ಬೋರ್ಡ್ ಮೇಲೆ ಒಂದು ಲೆಕ್ಕ ಬರೆದು ಸುಮ್ನಾಗ್ತೀನಿ, ಬರ್ತಾ ಬರ್ತಾ ಅದೇ ಕೆಲಸ ಮಾಡ್ತಿದೆ.

ಅದಕ್ಕಿಂತ ದೊಡ್ಡದು ಮಗಳು. ನಾನು ಓದೋಕೆ ಶುರು ಮಾಡಿದಾಗ ಅವಳಿಗೆ ಆರು ವರ್ಷ, ಈಗ ಎಂಟು. ಥೀಸಿಸ್ ಕೊಟ್ಟು ಬಂದ ದಿನ ಸಂಜೆ ಲ್ಯಾಪ್‌ಟಾಪ್ ಮುಚ್ಚಿದ್ದು ನೋಡಿ ಬಾಗಿಲ ಹತ್ರಾನೇ ನಿಂತು, ಅಮ್ಮಾ ಈಗ ಒಳಗೆ ಬರ್ಬೋದಾ ಅಂದ್ಲು. ಬೇಡ ಅಂತ ನಾನು ಯಾವತ್ತೂ ಬಾಯಿಬಿಟ್ಟು ಹೇಳಿರ್ಲಿಲ್ಲ, ಆದ್ರೂ ಅವಳು ಕಲ್ತುಬಿಟ್ಟಿದ್ಲು. ಅದಕ್ಕೇ ಇನ್ಮೇಲೆ ನೋಟ್‌ಬುಕ್ ಕಟ್ಟು ಮನೆಗೆ ತರೋದಿಲ್ಲ, ಸ್ಕೂಲಲ್ಲೇ ಒಂದು ಗಂಟೆ ಜಾಸ್ತಿ ಕೂತು ಮುಗಿಸಿ ಬರ್ತೀನಿ. ಸಂಜೆ ರೂಮಿನ ಬಾಗಿಲು ತೆಗೆದೇ ಇರುತ್ತೆ.

ಆ ಹುಡುಗ ಈಗ ಏಳನೇ ಕ್ಲಾಸು. ಸೋಮವಾರ ಮೊದಲ ಪೀರಿಯಡ್ ಅವನ ಸೆಕ್ಷನ್ನೇ. ಬೋರ್ಡ್ ತುಂಬಾ ಉದ್ದಕ್ಕೆ ಒಂದು ಸಂಖ್ಯಾರೇಖೆ ಎಳೆದು, ಸೊನ್ನೆ ಒಂದು ಕಡೆ ಒಂದು ಇನ್ನೊಂದು ಕಡೆ ಬರೆದು, 0.3 ಎಲ್ಲಿ 0.78 ಎಲ್ಲಿ ಅಂತ ಅವನ ಕೈಗೇ ಚಾಕ್‌ಪೀಸ್ ಕೊಡ್ತೀನಿ. ಕೊಟ್ಟು ಪಕ್ಕಕ್ಕೆ ಸರಿದು ನಿಂತ್ಕೋತೀನಿ, ಅವನು ಎಷ್ಟು ಹೊತ್ತು ತಗೊಂಡ್ರೂ ಸರಿ.