ಪರ್ಸಿ ಚಾಪ್ಟರೇ ಇಲ್ದಿರೋ ಬುಕ್ ಯಾಕೆ ಓದ್ಬೇಕು?

ರಿಕ್ ರಿಯೊರ್ಡನ್ ಬರೆದಿರೋ, ಗ್ರೀಕ್-ರೋಮನ್ ದೇವತೆಗಳ ಮಕ್ಕಳ ಸಾಹಸದ ಹೀರೋಸ್ ಆಫ್ ಒಲಿಂಪಸ್ ಸೀರೀಸ್‌ನಲ್ಲಿ ನಾಲ್ಕನೇ ಬುಕ್ ಮುಗಿಸಿದವ್ರೆಲ್ಲ ನನ್ನ ಕೇಳೋದು ಇದೊಂದೇ: ಐದನೇದ್ರಲ್ಲಿ ಹೀರೋ ಪರ್ಸಿ ಕಣ್ಣಲ್ಲಿ ಹೇಳೋ ಚಾಪ್ಟರೂ ಇಲ್ವಂತೆ, ಅವನ ಹುಡುಗಿ ಆನಬೆತ್‌ದೂ ಇಲ್ವಂತೆ, ಮತ್ತೆ ಓದಿ ಏನ್ ಮಾಡೋದು? ಓದಿ ಅಂತಾನೇ ನಾನು ಹೇಳೋದು, ಆದ್ರೆ ರೇನಾಗೋಸ್ಕರ, ಸತ್ತವರ ಲೋಕದ ದೇವರು ಹೇಡೀಸ್ ಮಗ ನಿಕೋಗೋಸ್ಕರ ಓದಿ. (ಸ್ಪಾಯ್ಲರ್ ಇದೆ, ನಾಲ್ಕು ಮುಗಿಸ್ದೇ ಬಂದಿದ್ರೆ ಇಲ್ಲಿಂದ್ಲೇ ವಾಪಸ್ ಹೋಗಿ.)

ಕೇಳೋರ ಸಿಟ್ಟು ಸುಳ್ಳಲ್ಲ. 2013ರ ದಿ ಹೌಸ್ ಆಫ್ ಹೇಡೀಸ್‌ನಲ್ಲಿ ಏಳೂ ಮುಖ್ಯ ಪಾತ್ರಗಳ ಕಣ್ಣಲ್ಲಿ ಕಥೆ ಓಡತ್ತೆ, ಮೇಲೆ ಹಡಗಲ್ಲಿ ಐದು ಜನ, ಕೆಳಗೆ ಟಾರ್ಟರಸ್ ಅನ್ನೋ ಪಾತಾಳದಲ್ಲಿ ಪರ್ಸಿ, ಆನಬೆತ್ ಇಬ್ರು, ಚಾಪ್ಟರ್ ಮೇಲೆ ಲಿಯೋ ಅಂತ ಹೆಸ್ರು ಕಂಡ್ರೆ ಸಾಕು, ಅಯ್ಯೋ ಕೆಳಗಡೆ ಏನಾಯ್ತೋ ಅಂತ ಜೀವ ಚಡಪಡಿಸೋದು. ಅಷ್ಟೆಲ್ಲ ಅನುಭವಿಸಿ ಮೇಲೆ ಬಂದವ್ರ ಮನಸ್ಸಲ್ಲಿ ಈಗ ಏನಿದೆ ಅಂತ ಕಾಯ್ತಾ ಕೂತ್ರೆ 2014ರ ದಿ ಬ್ಲಡ್ ಆಫ್ ಒಲಿಂಪಸ್ ಬಾಗಿಲೇ ಹಾಕ್ಬಿಡತ್ತೆ. ಜೇಸನ್, ಪೈಪರ್, ಲಿಯೋ, ರೇನಾ, ನಿಕೋ ಐದೇ ಜನಕ್ಕೆ ಚಾಪ್ಟರ್. ಹೇಜಲ್, ಫ್ರಾಂಕ್‌ಗೂ ಇಲ್ಲ, ಪಾಪ ಅವರ ಪರವಾಗಿ ಯಾರೂ ಜಗಳಾನೂ ಆಡಲ್ಲ.

ಆದ್ರೆ ಈ ಸೀರೀಸ್‌ನಲ್ಲಿ ದೊಡ್ಡ ನೋವುಗಳನ್ನ ಪಕ್ಕದವ್ರು ನೋಡೋದು ಹೊಸದೇನಲ್ಲ. ನಾಲ್ಕನೇದ್ರಲ್ಲಿ ಪ್ರೇಮದ ದೇವರು ಕ್ಯುಪಿಡ್ ಮುಂದೆ ನಿಕೋ ಗುಟ್ಟು ಬಯಲಾಗೋದೂ ಜೇಸನ್ ಚಾಪ್ಟರಲ್ಲೇ, ಹೊರಗೆ ನಿಂತು ನೋಡೋನಿಗೆ ಏನ್ ಹೇಳ್ಬೇಕೋ ಗೊತ್ತಾಗಲ್ಲ, ಅದಕ್ಕೇ ಆ ಸೀನ್ ಅಷ್ಟು ನಾಟತ್ತೆ. ಐದನೇದ್ರಲ್ಲಿ ಟಾರ್ಟರಸ್ ತನಗೇನು ಮಾಡ್ತು ಅಂತ ಪರ್ಸಿ ಬಾಯಿಬಿಡೋದೂ ಜೇಸನ್ ಹತ್ರಾನೇ. ಸ್ವಲ್ಪಾನೇ ಹೇಳ್ತಾನೆ, ನಂಗೆ ಅಷ್ಟು ಸಾಕಾಯ್ತು.

ಇನ್ನು ರೇನಾ. ಅಲ್ಲೀತನಕ ಅವಳು ಬೇರೆಯವರ ಕಣ್ಣಿಗೆ ಕಂಡ ಬಿಗಿ ಮುಖದ ರೋಮನ್ ಪ್ರೇಟರ್, ಅಂದ್ರೆ ರೋಮನ್ ಕ್ಯಾಂಪಿನ ನಾಯಕಿ, ಅಷ್ಟೇ. ಇಲ್ಲಿ ಅವಳು, ನಿಕೋ, ಕೋಚ್ ಹೆಡ್ಜ್ ಮೂವರೂ ಸೇರಿ ಅಥೆನಾ ಪಾರ್ಥೆನೋಸ್ ಅನ್ನೋ ಭಾರೀ ಮೂರ್ತೀನ ಗ್ರೀಸ್‌ನಿಂದ ಗ್ರೀಕ್ ಕ್ಯಾಂಪ್ ಇರೋ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್ ತನಕ ಸಾಗಿಸ್ಬೇಕು, ಅದೂ ನಿಕೋ ಶಕ್ತಿಯಿಂದ ನೆರಳಿಂದ ನೆರಳಿಗೆ ಹಾರ್ಕೊಂಡು, ಪೊಂಪೇ, ಪೋರ್ಚುಗಲ್, ಪೋರ್ಟೊ ರಿಕೊ ಅಂತ, ಪ್ರತೀ ಸಲ ನಿಕೋ ಒಂಚೂರು ಕರಗ್ತಾ ಹೋಗ್ತಾನೆ, ರೇನಾ ತನ್ನ ಶಕ್ತೀನ ಅವನಿಗೆ ಧಾರೆ ಎರೀತಾಳೆ. ಅಷ್ಟರಲ್ಲಿ ಪೋರ್ಟೊ ರಿಕೊ, ಅವಳ ಹುಟ್ಟೂರು. ಅಲ್ಲಿ ಏನಾಗತ್ತೆ ಅಂತ ನಾನು ಹೇಳಲ್ಲ.

ಸೀರೀಸಿನ ದೊಡ್ಡ ಶತ್ರು, ಭೂದೇವಿ ಗಯಾ ಜೊತೆಗಿನ ಕೊನೇ ಯುದ್ಧ ಮಾತ್ರ ತುಂಬಾ ಬೇಗ ಮುಗಿಯತ್ತೆ, ನಾಲ್ಕು ಬುಕ್ ಹೆದರಿಸಿ ಇಷ್ಟೇನಾ ಅನ್ಸತ್ತೆ. ಅದಕ್ಕೆ ಬೈಯೋದಾದ್ರೆ ಹೇಳಿ, ನಾನೂ ಬರ್ತೀನಿ.