ಪುಟ ತಿರುವುವ ನೆಪ

ರಾತ್ರಿ ಊಟ ಆದ್ಮೇಲೆ ಮತ್ತೆ ಬಿಬಿಸಿಯ ಆ ಹಳೇ 'ಪ್ರೈಡ್ ಅಂಡ್ ಪ್ರೆಜುಡಿಸ್' ಹಾಕ್ಕೊಂಡು ಕೂತೆ. ಜೇನ್ ಆಸ್ಟೆನ್ ಕಾದಂಬರಿಯ ಸೀರಿಯಲ್ಲು, 1995ರದ್ದು, ಆರೇ ಎಪಿಸೋಡು.

ಎಲ್ಲರ ಬಾಯಲ್ಲೂ ನಾಯಕ ಡಾರ್ಸಿ ಕೆರೆಗೆ ಹಾರಿದ್ದು, ಒದ್ದೆ ಅಂಗೀಲಿ ನಡ್ಕೊಂಡು ಬಂದದ್ದೇ. ಕಾದಂಬರೀಲಿ ಅದು ಇಲ್ಲವೇ ಇಲ್ಲ, ಬಿಡಿ. ನನಗೆ ಪಿಯಾನೋ ಸೀನೇ ಆಗ್ಬೇಕು.

ಡಾರ್ಸಿ ತಂಗಿ ಜಾರ್ಜಿಯಾನಾ ನುಡಿಸ್ತಿದ್ದಾಳೆ. ಡಾರ್ಸಿ ಮೇಲೆ ಕಣ್ಣಿಟ್ಟಿರೋ ಕ್ಯಾರೊಲಿನ್ ಬಿಂಗ್ಲಿ ಬೇಕಂತಲೇ ವಿಕಮ್ ಹೆಸರು ಎತ್ತುತ್ತಾಳೆ. ನಾಯಕಿ ಎಲಿಜಬೆತ್ ಒಮ್ಮೆ ಮೆಚ್ಚಿದ್ದವನು ಅವನು; ಹಿಂದೆ ಜಾರ್ಜಿಯಾನಾನ ಗುಟ್ಟಾಗಿ ಓಡಿಸ್ಕೊಂಡು ಹೋಗೋಕೆ ನೋಡಿದ್ದವನೂ ಅವನೇ. ಗುರಿ ಇಟ್ಟಿದ್ದು ಎಲಿಜಬೆತ್‌ಗೆ, ಚುಚ್ಚಿದ್ದು ಆ ಹುಡುಗಿಗೆ. ಬೆರಳು ತಡವರಿಸಿ ನಿಂತೇಬಿಡುತ್ತೆ.

ಎಲಿಜಬೆತ್ ಸೀದಾ ಪಿಯಾನೋ ಹತ್ರ ಹೋಗ್ತಾಳೆ. ಪುಟ ತಿರುವೋರಿಲ್ದೆ ನುಡಿಸೋದು ಹೇಗೆ, ನಾನೇ ಮರೆತೆ ಅಂತ ತಪ್ಪೆಲ್ಲ ತನ್ನ ಮೇಲೆ ಹಾಕ್ಕೊಂಡು.

ಸಂಗೀತ ಮತ್ತೆ ಶುರು. ಅವಳು ತಲೆ ಎತ್ತುತ್ತಾಳೆ. ಡಾರ್ಸಿ ನೋಡ್ತಿದ್ದಾನೆ.

ಅಷ್ಟೇ ಕಣ್ರೀ. ಮುಟ್ಟಿಲ್ಲ, ಮಾತಿಲ್ಲ, ಮಧ್ಯೆ ಒಂದಷ್ಟು ಜನ ಬೇರೆ. ಡಾರ್ಸಿ ಆಗಿರೋ ಕಾಲಿನ್ ಫರ್ತ್ ಪೂರ್ತಿ ನಗೋದೂ ಇಲ್ಲ, ಕಣ್ಣು ಮಾತ್ರ ಮೆತ್ತಗಾಗುತ್ತೆ. ಎಲಿಜಬೆತ್ ಆಗಿರೋ ಜೆನಿಫರ್ ಈಲಿ ಆ ನೋಟಾನ ತಪ್ಪಿಸ್ಕೊಳ್ಳೋದೂ ಇಲ್ಲ.

ಕೆಮಿಸ್ಟ್ರಿ ಅಂತೀವಲ್ಲ, ಇಲ್ಲಿ ಅದರ ಮುಕ್ಕಾಲು ಪಾಲು ಕೃತಜ್ಞತೆ. ಅವನ ತಂಗಿ ಮಾನ ಅವಳು ಕೇಳದೇ ಕಾಪಾಡಿದ್ಲು. ತಂಗಿ-ವಿಕಮ್ ಗುಟ್ಟನ್ನ ಅವಳಿಗೆ ಕಾಗದ ಬರೆದು ತಿಳಿಸಿದ್ದವನು ಡಾರ್ಸಿನೇ.

ಮೊದಲ ಸಲ ಮದುವೆ ಕೇಳುವಾಗ ಇದೇ ಮನುಷ್ಯ ಅವಳ ಮನೆತನ ಕೀಳು ಅಂತ ಭಾಷಣ ಬಿಗಿದಿದ್ದ! ಮಾತಾಡಿ ಕೆಡಿಸ್ಕೊಂಡದ್ದನ್ನ ಇಲ್ಲಿ ಬಾಯಿ ಮುಚ್ಕೊಂಡು ಸರಿ ಮಾಡ್ಕೊಂಡ.

ಒಂದೊಂದ್ಸಲ ಕ್ಯಾರೊಲಿನ್ ಬಿಂಗ್ಲಿಗೇ ಥ್ಯಾಂಕ್ಸ್ ಹೇಳ್ಬೇಕು ಅನ್ಸುತ್ತೆ.