ಮಂಗಳೂರಿನಿಂದ ಜೋಗಕ್ಕೆ: ಕಾರಾ, ಬಸ್ಸಾ, ರೈಲಾ?

ಜೋಗಕ್ಕೆ ಹತ್ತಿರದ ರೈಲು ನಿಲ್ದಾಣ ಯಾವುದು ಅಂತ ಮೊಬೈಲಿನಲ್ಲಿ ಹುಡುಕಿದರೆ ತಾಳಗುಪ್ಪ ಅಂತ ಬರುತ್ತದೆ. ಅಲ್ಲಿಂದ ಜಲಪಾತಕ್ಕೆ ಸುಮಾರು 15 ಕಿ.ಮೀ. ಬೆಂಗಳೂರಿನವರಿಗೆ ಅದು ಸರಿಯೇ. ರಾತ್ರಿ ರೈಲಿನಲ್ಲಿ ಮಲಗಿದರೆ ಬೆಳಗ್ಗೆ ತಾಳಗುಪ್ಪ. ಆದರೆ ಘಟ್ಟದ ಕೆಳಗಿನ ನಮಗೆ ಅದರಿಂದ ಎಂತ ಪ್ರಯೋಜನ? ಕರಾವಳಿಯಿಂದ ತಾಳಗುಪ್ಪಕ್ಕೆ ಹಳಿಯೇ ಇಲ್ಲ. ಮಂಗಳೂರು, ಉಡುಪಿಯವರಿಗೆ ಜೋಗದ ಸ್ಟೇಷನ್ ಅಂದರೆ ಹೊನ್ನಾವರ.

ಇದನ್ನು ಒಪ್ಪಿಸಲು ನಾನು ಗೆಳೆಯನ ಜೊತೆ ತುಂಬಾ ಜಗಳ ಆಡಬೇಕಾಯಿತು. ಅವನಿರುವುದು ಮಂಗಳೂರಿನಲ್ಲಿ, ನಾನು ಉಡುಪಿಯಲ್ಲಿ. ಅವನಿಗೆ ಕಾರೇ ಆಗಬೇಕು. ಮೊದಲು ಆಗುಂಬೆ ಅಂದ. 14 ತಿರುವು ಹತ್ತಿ, ತೀರ್ಥಹಳ್ಳಿ, ಹೊಸನಗರ, ಸಾಗರ ಅಂತ ಸುತ್ತುವುದು. ಆಗುಂಬೆ ನೋಡಲು ಹೊರಟವರಿಗೆ ಚಂದ, ಜೋಗಕ್ಕೆ ಹೊರಟವರಿಗೆ ಬಳಸು. ಆಮೇಲೆ ಹುಲಿಕಲ್ ಘಾಟಿ ಅಂದ. ಚಂಡಿಕಾಂಬ ದೇವಸ್ಥಾನದ ಹತ್ತಿರ ಕೈಮುಗಿದು ಮುಂದೆ ಹೋಗುವ ಆ ದಾರಿ ನನಗೂ ಇಷ್ಟ. ಆದರೆ ಮಳೆ, ಮಂಜು ಎರಡೂ ಸೇರಿದರೆ ಡ್ರೈವ್ ಮಾಡುವವನಿಗೆ ರಸ್ತೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಬಸ್ಸಿನಲ್ಲೇ ಹೋಗೋಣ ಅಂದರೆ ಹೊನ್ನಾವರದವರೆಗೂ ಹೈವೇ. ಸುಮ್ನೆ ಬೆನ್ನುನೋವು.

ಕೊನೆಗೆ ಕೃಷ್ಣಾಷ್ಟಮಿ ಗಲಾಟೆ ಎಲ್ಲ ಮುಗಿದ ಮೇಲೆ ರೈಲಿನಲ್ಲೇ ಹೊರಟೆವು. ಅವನು ಮಂಗಳೂರು ಸೆಂಟ್ರಲ್‌ನಲ್ಲಿ ಹತ್ತಿ ಕಿಟಕಿ ಹಿಡಿದಿಟ್ಟಿದ್ದ. ನಾನು ಉಡುಪಿಯ ಸ್ಟೇಷನ್ ಇರುವ ಇಂದ್ರಾಳಿಯಲ್ಲಿ ಹತ್ತಿದೆ. ಒಂದು ಮಾತು: ಮಡಗಾಂವ್ ಕಡೆಯ ರೈಲುಗಳೆಲ್ಲ ಹೊನ್ನಾವರದಲ್ಲಿ ನಿಲ್ಲುವುದಿಲ್ಲ. ವಂದೇ ಭಾರತ್ ಹತ್ತಿದರೆ ಉಡುಪಿ ಬಿಟ್ಟು ಕಾರವಾರಕ್ಕೇ ಹೋಗಿ ಇಳಿಯಬೇಕಾದೀತು. ಟಿಕೆಟ್ ತೆಗೆಯುವ ಮೊದಲು ನೋಡಿಕೊಳ್ಳಿ.

ಕುಂದಾಪುರ, ಬೈಂದೂರು, ಭಟ್ಕಳ, ಮುರ್ಡೇಶ್ವರ. ಮಳೆ ತೊಳೆದ ಗದ್ದೆ, ತೆಂಗು, ನಡುನಡುವೆ ಸುರಂಗ. ಹೊನ್ನಾವರ ಬರುವ ಸ್ವಲ್ಪ ಮೊದಲು ಬಾಗಿಲ ಹತ್ತಿರ ಹೋಗಿ ನಿಂತೆವು. ಅಲ್ಲಿ ಶರಾವತಿ ಸೇತುವೆ. ಉದ್ದ 2 ಕಿ.ಮೀ.ಗಿಂತ ಜಾಸ್ತಿ, ಕೊಂಕಣ ರೈಲು ದಾರಿಯಲ್ಲೇ ಅತಿ ಉದ್ದದ್ದು. ಕೆಳಗೆ ನದಿಯೋ ಸಮುದ್ರವೋ ಗೊತ್ತಾಗದಷ್ಟು ಅಗಲ. ಅಂಬುತೀರ್ಥದಲ್ಲಿ ಹುಟ್ಟಿ 128 ಕಿ.ಮೀ. ಹರಿದು ಬಂದ ಹೊಳೆ ಸಮುದ್ರ ಸೇರುವುದು ಇಲ್ಲೇ. ನಾನು ರೈಲಿಗಾಗಿ ಹಠ ಹಿಡಿದದ್ದೂ ಇದಕ್ಕೇ. ಕಡಲ ಬಾಯಿಯಿಂದ ಶುರುಮಾಡಿ ಹೊಳೆಯ ಎದುರು ಹತ್ತಿಕೊಂಡು ಹೋಗುವ ಭಾಗ್ಯ ಬೆಂಗಳೂರಿನವರಿಗೆ ಇಲ್ಲ ಮಾರಾಯ್ರೆ.

ಸ್ಟೇಷನ್ನಿನಿಂದ ಆಟೋದಲ್ಲಿ ಬಸ್ ಸ್ಟ್ಯಾಂಡ್. ಸಾಗರ, ಶಿವಮೊಗ್ಗ ಕಡೆ ಹೋಗುವ ಬಸ್ಸು ಹತ್ತಬೇಕು. ‘ಜೋಗದ ಒಳಗೆ ಹೋಗ್ತದಾ, ಮಾವಿನಗುಂಡಿಯಲ್ಲಿ ಇಳಿಸ್ತೀರಾ?’ ಅಂತ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ. ಮಾವಿನಗುಂಡಿಯಿಂದ ಜೋಗ ಕೆಲವೇ ಕಿ.ಮೀ., ಆದರೂ ಲಗೇಜು ಹೊತ್ತು ನಡೆಯುವಂಥದ್ದಲ್ಲ.

ಗೇರುಸೊಪ್ಪ ಬಂದಾಗ ಗೆಳೆಯನಿಗೆ ಕರಿಮೆಣಸಿನ ರಾಣಿ ಚೆನ್ನಭೈರಾದೇವಿಯ ಕಥೆ ಹೇಳಿದೆ. ಪೋರ್ಚುಗೀಸರು ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಕಾಡಿನೊಳಗೆ ಚತುರ್ಮುಖ ಬಸದಿಯೂ ಇದೆ ಅಂದೆ. ಅವನ ಕಣ್ಣು ಮಾತ್ರ ಅಣೆಕಟ್ಟಿನ ಮೇಲಿತ್ತು. ‘ಜೋಗದಿಂದ ಬಿದ್ದ ನೀರು ಇದೇನಾ?’ ಅಂತ ಕೇಳಿದ.

ಪೂರ್ತಿ ಅಲ್ಲ. ಜೋಗಕ್ಕೆ ಹೋಗುವ ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ. ಜೋಗಕ್ಕಿಂತ ಮೇಲಿರುವ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನಿಂತ ನೀರಿನ ದೊಡ್ಡ ಪಾಲು ಜಲಪಾತದ ಕಡೆ ಬರುವುದೇ ಇಲ್ಲ. ಅದು ತಲಕಳಲೆಯ ಸಣ್ಣ ಜಲಾಶಯಕ್ಕೆ ಹೋಗಿ, ಅಲ್ಲಿಂದ ಕೊಳವೆಯಲ್ಲಿ ಇಳಿದು, 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ಸೇರುತ್ತದೆ. ಟರ್ಬೈನ್ ತಿರುಗಿಸಿ ಹೊರಬಂದ ನೀರನ್ನು ಗೇರುಸೊಪ್ಪದಲ್ಲಿ ಮತ್ತೆ ಕಟ್ಟಿ, ಇನ್ನೊಮ್ಮೆ ಕರೆಂಟು ತೆಗೆದು, ಆಮೇಲೆ ಕಡಲಿಗೆ ಬಿಡುತ್ತಾರೆ. ಹೊಟ್ಟೆ ತುಂಬಿದ ಮನೆಯವರು ಮಿಕ್ಕಿದ್ದನ್ನು ಬಡಿಸಿದ ಹಾಗೆ, ಜೋಗಕ್ಕೆ ಸಿಗುವುದು ಉಳಿದದ್ದು. ಮಾರ್ಚ್‌ನಲ್ಲಿ ಹೋಗಿ ‘ಇದೇನಾ ಜೋಗ?’ ಅಂತ ಮುಖ ಸಣ್ಣ ಮಾಡುವವರು ಬೈಯಬೇಕಾದ್ದು ಜೋಗವನ್ನಲ್ಲ, ತಮ್ಮ ಮನೆಯ ಫ್ಯಾನು, ಫ್ರಿಜ್ಜುಗಳನ್ನು.

ಗೇರುಸೊಪ್ಪ ದಾಟಿದ ಮೇಲೆ ಘಾಟಿ. ಸಿಂಗಳೀಕಗಳ ಕಾಡು. ಒಂದೂ ಕಾಣಲಿಲ್ಲ. ಬಸ್ಸಿನ ಹಾರ್ನ್‌ಗೆ ಅವು ಬರುತ್ತವೆಯೇ?

ಜೋಗದಲ್ಲಿ ಮೊದಲು ಕಂಡದ್ದು ಬರೀ ಬಿಳಿ. ಪೂರಾ ಮಂಜು. ಶಬ್ದ ಮಾತ್ರ ಇತ್ತು. ‘ಇದಕ್ಕೆ ಇಷ್ಟು ದೂರ ಬಂದದ್ದಾ?’ ಅಂತ ಗೆಳೆಯ ಗೊಣಗಿದ. ಬಿಸಿ ಜೋಳ ತಿಂದು ಕಾದೆವು. ಗಾಳಿ ಬಂತು, ಪರದೆ ಸರಿಯಿತು. ಎಡಗಡೆಯಿಂದ ರಾಜ, ರೋರರ್, ರಾಕೆಟ್, ರಾಣಿ. 253 ಮೀಟರ್ ಎತ್ತರ. ರಾಜ ನೆಟ್ಟಗೆ ಬೀಳುತ್ತಾನೆ, ರಾಣಿ ಬಂಡೆ ಸವರುತ್ತಾ ಇಳಿಯುತ್ತಾಳೆ. ಅಣೆಕಟ್ಟಿನ ಗೇಟು ತೆಗೆದಾಗ ನಾಲ್ಕೂ ಒಂದಾಗುವುದನ್ನು ನೋಡಲು ಜನ ಓಡುತ್ತಾರೆ. ನನಗೆ ನಾಲ್ಕು ಬೇರೆ ಬೇರೆ ಕಾಣುವ ಈ ಹದವೇ ಇಷ್ಟ. ಗೇಟು ತೆಗೆದ ದಿನ ಕೆಂಪು ನೀರು, ಜನಜಂಗುಳಿ, ಟ್ರಾಫಿಕ್ ಜಾಮ್. ಐದು ನಿಮಿಷ ನೋಡಿದೆವು ಅನ್ನುವಷ್ಟರಲ್ಲಿ ಮಂಜು ಮತ್ತೆ ಮುಚ್ಚಿತು. ಸಂಜೆಯವರೆಗೂ ಇದೇ ಆಟ. ಬೆಳಗ್ಗೆ ಬಂದು ಮಧ್ಯಾಹ್ನ ಹೊರಡುವವರಿಗೆ ಜೋಗ ಸಿಗುವುದು ಅದೃಷ್ಟ ಇದ್ದರೆ ಮಾತ್ರ.

ರಾತ್ರಿ ಸಾಗರದ ನೆಂಟರ ಮನೆ. ವಾಪಸ್ ಬರಲು ಅವರದೇ ಕಾರು ಸಿಕ್ಕಿತು. ಗೆಳೆಯನಿಗೆ ಹೋದ ಜೀವ ಬಂದ ಹಾಗಾಯಿತು. ಅಂಬಾರಗೋಡ್ಲುವಿನಿಂದ ಸಿಗಂದೂರು ಕಡೆ ಲಿಂಗನಮಕ್ಕಿ ಹಿನ್ನೀರು ದಾಟಲು ಈಗ ಲಾಂಚ್‌ಗೆ ಕಾಯಬೇಕಿಲ್ಲ. 2025ರ ಜುಲೈಯಲ್ಲಿ ಸೇತುವೆ ಶುರುವಾಗಿದೆ, 2.44 ಕಿ.ಮೀ. ಮೊದಲು ರಜೆ ಬಂದರೆ ಲಾಂಚ್‌ಗೆ ಉದ್ದದ ಸಾಲು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುವುದೇ ಕಷ್ಟ. ಲಾಂಚಿನ ಮಜಾ ಹೋಯಿತು ಅಂತ ನಮ್ಮಂಥ ಪ್ರವಾಸಿಗಳು ಬೇಸರ ಮಾಡಿಕೊಳ್ಳಬಹುದು. ಆಸ್ಪತ್ರೆಗೂ ಹಿನ್ನೀರು ದಾಟಬೇಕಿದ್ದ ಆ ಊರಿನವರ ಮುಂದೆ ಮಾತ್ರ ಹಾಗೆ ಹೇಳಬೇಡಿ.

ಸೇತುವೆಯ ಕೆಳಗೆ ಇದ್ದದ್ದು ಅದೇ ಶರಾವತಿ. ಇಲ್ಲಿ ಅವಳು ಹರಿಯುತ್ತಿರಲಿಲ್ಲ, ನಿಂತಿದ್ದಳು.

ಸಿಗಂದೂರು ದಾಟಿ, ಕೊಲ್ಲೂರಿಗೆ ಇಳಿದು, ಮೂಕಾಂಬಿಕೆಯ ದರ್ಶನ ಮಾಡಿ ಹೊರಟೆವು. ಕಾರಿದ್ದವರಿಗೆ ಈ ದಾರಿಯೇ ಒಳ್ಳೆಯದು ಅಂತ ಈಗ ನಾನೂ ಹೇಳುತ್ತೇನೆ, ಆದರೆ ಬರುವಾಗ ಮಾತ್ರ. ಹೋಗುವಾಗ ರೈಲು. ಗೆಳೆಯ ಇದನ್ನು ಇನ್ನೂ ಒಪ್ಪಿಲ್ಲ. ಕುಂದಾಪುರದಿಂದ ಮುಂದೆ ಬರೀ ಹೈವೇ, ಅದರ ಬಗ್ಗೆ ಬರೆಯಲು ಏನೂ ಇಲ್ಲ.